ಶರಾವತಿಯ ಜಲಯಾನ: ಸೊರಬ–ಶಿಕಾರಿಪುರ ಸೀಮೆಯಿಂದ ಒಂದು ಅವಲೋಕನ

ಹಡಗಿನಲ್ಲಿ ಪಯಣಿಸುವುದಕ್ಕೂ ಹಡಗಿನಲ್ಲಿ ವಿಹರಿಸುವುದಕ್ಕೂ ಇರುವ ಅಂತರವನ್ನು ಹೀಗೆ ಹೇಳಬಹುದು: ಪಯಣಿಗನು ಒಂದು ದಡದಿಂದ ಹೊರಟು ಮತ್ತೊಂದು ದಡವನ್ನು ಮುಟ್ಟುತ್ತಾನೆ, ವಿಹಾರಿಯು ಹೊರಟ ದಡಕ್ಕೇ ಹಿಂದಿರುಗುತ್ತಾನೆ. ಮೊದಲಿನವನಿಗೆ ನೀರು ಹಾದಿ. ಎರಡನೆಯವನಿಗೆ ನೀರೇ ನೆಲೆ. ಹಾದಿಯಾಗಿದ್ದ ನೀರು ನೆಲೆಯಾದುದು ಯಾವಾಗ, ಯಾವ ಕಾರಣದಿಂದ ಎಂಬುದನ್ನು ನಮ್ಮ ನಾಡಿನ ಒಂದು ನದಿಯ ಮಟ್ಟಿಗೆ ವಿಚಾರಿಸುವುದು ಈ ಲೇಖನದ ಉದ್ದೇಶ. ಪ್ರವಾಸದ ಚರಿತ್ರೆಯನ್ನು ಲಘುವಾದ ವಿಷಯವೆಂದು ಎಣಿಸುವ ವಾಡಿಕೆಯುಂಟು. ರಾಜರ ದಂಡಯಾತ್ರೆಗಳಿಗೆ ಸಂಪುಟಗಳನ್ನೇ ಮೀಸಲಿಡುವ ನಾವು ಸಾಮಾನ್ಯರ ಯಾತ್ರೆಗೆ ಒಂದು ಅಧ್ಯಾಯವನ್ನಾದರೂ ಕೊಡುವುದು ನ್ಯಾಯ.

ನೌಕಾವಿಹಾರದ ಚರಿತ್ರೆಯನ್ನು ಬರೆದವರು ಅದನ್ನು ಸಾಮಾನ್ಯವಾಗಿ ಕ್ರಿ. ಶ. ೧೮೪೪ರಿಂದ ಆರಂಭಿಸುತ್ತಾರೆ. ಆ ವರ್ಷ ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿಯವರು ಆಂಗ್ಲ ಕಾದಂಬರಿಕಾರ ಥ್ಯಾಕರೆಯನ್ನು ತಮ್ಮ ಖರ್ಚಿನಲ್ಲಿಯೇ ಮೆಡಿಟರೇನಿಯನ್ ಸಮುದ್ರದ ಸುತ್ತ ಕರೆದೊಯ್ದರು. ಅವನು ಹಿಂದಿರುಗಿ ೧೮೪೬ರಲ್ಲಿ ಒಂದು ಪ್ರವಾಸಗ್ರಂಥವನ್ನು ಪ್ರಕಟಿಸಿದನು. ಕಂಪನಿಗೆ ಬೇಕಾದುದೂ ಅದೇ. ಆದರೆ ವಿಹಾರವನ್ನು ಒಂದು ವ್ಯವಹಾರವಾಗಿ ಮಾಡಿದವನು ಹ್ಯಾಂಬರ್ಗ್ ನಗರದ ಆಲ್ಬರ್ಟ್ ಬಾಲಿನ್. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವವರು ವಿರಳವಾಗಿ, ದೊಡ್ಡ ಹಡಗುಗಳು ಕೆಲಸವಿಲ್ಲದೆ ನಿಲ್ಲುತ್ತಿದ್ದುವು. ಬಾಲಿನನು ೧೮೯೧ರ ಜನವರಿಯಲ್ಲಿ ‘ಆಗಸ್ಟ ವಿಕ್ಟೋರಿಯ’ ಎಂಬ ಹಡಗನ್ನು ದಕ್ಷಿಣದ ಬೆಚ್ಚನೆಯ ಸಮುದ್ರಕ್ಕೆ ವಿಹಾರಕ್ಕಾಗಿ ಕಳುಹಿಸಿದನು. ೧೯೦೦ರಲ್ಲಿ ವಿಹಾರಕ್ಕೆಂದೇ ಕಟ್ಟಿದ ಹಡಗು ನೀರಿಗಿಳಿಯಿತು. ಮುಂದೆ ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ಹಾರತೊಡಗಿದ ಮೇಲೆ ದಾಟುವುದಕ್ಕಾಗಿ ಹಡಗನ್ನು ಹತ್ತುವವರು ಬೇಗಬೇಗನೆ ಕಡಿಮೆಯಾದರು. ಉಳಿದ ಹಡಗುಗಳು ವಿಹಾರವನ್ನೇ ನಂಬಿ ಬದುಕಿದುವು. ೨೦೨೪ರಲ್ಲಿ ಮೊದಲ ಯಾನವನ್ನು ಕೈಗೊಂಡ ‘ಐಕಾನ್ ಆಫ್ ದಿ ಸೀಸ್’ ಎಂಬುದರ ಗಾತ್ರ ೨,೪೮,೦೦೦ ಟನ್ನುಗಳನ್ನು ಮೀರಿದುದು; ೧೯೧೨ರಲ್ಲಿ ಮುಳುಗಿದ ಟೈಟಾನಿಕ್ಕಿನ ಗಾತ್ರ ೪೬,೦೦೦ ಟನ್ನುಗಳಷ್ಟು. ಇಂಥ ಹಡಗು ಯಾವ ಬಂದರಿಗೆ ಹೋಗುತ್ತದೆಂಬುದು ಅದರ ಪ್ರಯಾಣಿಕರಲ್ಲಿ ಹಲವರಿಗೆ ಎರಡನೆಯ ಮಾತು. ಗಮನಿಸಬೇಕಾದುದೇನೆಂದರೆ, ಈ ಚರಿತ್ರೆಯಲ್ಲಿ ವಿಹಾರವು ಬೆಳೆದುದು ಅಗತ್ಯವು ಹಿಂಜರಿದ ಎಡೆಯಲ್ಲಿ: ಮೊದಲು ಚಳಿಗಾಲದ ಬಿಡುವಿನಲ್ಲಿ, ಬಳಿಕ ವಿಮಾನವು ಬರಿದುಮಾಡಿದ ಹಡಗಿನಲ್ಲಿ.

ಈ ಮಾತು ನಮ್ಮಲ್ಲಿಯೂ ಸಲ್ಲುತ್ತದೆಯೇ? ಪರಿಶೀಲನೆಗೆ ನಾವು ಆರಿಸಿಕೊಂಡ ನೋಟದ ನೆಲೆ ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು. ನೌಕೆಯ ಮಾತಿಗೆ ಈ ಒಳನಾಡನ್ನು ಆರಿಸಿದುದು ವಿಚಿತ್ರವಾಗಿ ತೋರಬಹುದು. ವರದಾ, ದಂಡಾವತಿ, ಕುಮುದ್ವತಿ ಎಂಬ ಇಲ್ಲಿಯ ಹೊಳೆಗಳು ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರತಕ್ಕವು. ಮಳೆಗಾಲದಲ್ಲಿ ಹರಿಗೋಲಿನಿಂದ ದಾಟುವಷ್ಟು ತುಂಬುತ್ತವೆ, ಬೇಸಿಗೆಯಲ್ಲಿ ಕಾಲಿನಿಂದ ದಾಟುವಷ್ಟು ಬತ್ತುತ್ತವೆ. ನೌಕಾಯಾನಕ್ಕೆ ಒದಗುವ ನೀರಲ್ಲ. ಕೆರೆಗಳಂತೂ ಊರೂರಿಗೆ ಉಂಟು. ತಾಳಗುಂದದ ಕೆರೆಯನ್ನು ಕದಂಬ ಕಾಕುಸ್ಥವರ್ಮನೇ ಕಟ್ಟಿಸಿದನೆಂದು ಅಲ್ಲಿಯ ಸ್ತಂಭಶಾಸನ ಹೇಳುತ್ತದೆ. ಆದರೆ ನೀರಿನ ಮೇಲೆ ದೂರ ಸಾಗಬೇಕೆಂದರೆ ಈ ಸೀಮೆಯವನು ಪಶ್ಚಿಮಕ್ಕೆ ಹೋಗಿ ಶರಾವತಿಯನ್ನು ಕಾಣಬೇಕು. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುವ ನದಿ ಅದು. ಇಪ್ಪತ್ತನೆಯ ಶತಮಾನದ ನಡುವೆ ಈ ನದಿಗೂ ಈ ಎರಡು ತಾಲ್ಲೂಕುಗಳಿಗೂ ಇನ್ನೊಂದು ಬಗೆಯ ನಂಟು ಉಂಟಾಯಿತು. ಅದನ್ನು ಮುಂದೆ ನೋಡುವೆವು.

ಪ್ರಾಚೀನರ ಯಾತ್ರೆಯ ವಿಷಯದಲ್ಲಿ ಈ ಸೀಮೆಯ ಸಾಕ್ಷ್ಯ ಸಮೃದ್ಧವಾದುದು. ತಾಳಗುಂದದ ಶಾಸನವೇ ಒಂದು ಪ್ರಯಾಣದ ಕಥೆ. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕಾಗಿ ಹೋದುದೂ, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾದುದೂ, ಅವನು ದರ್ಭೆಯನ್ನು ಬಿಟ್ಟು ಕತ್ತಿಯನ್ನು ಹಿಡಿದುದೂ ಅದರಲ್ಲಿ ವರ್ಣಿತವಾಗಿವೆ. ಕರ್ಣಾಟಕದ ಮೊದಲ ದೊಡ್ಡ ರಾಜವಂಶದ ಉದಯಕ್ಕೆ ಒಬ್ಬ ವಿದ್ಯಾರ್ಥಿಯ ದೂರಪ್ರಯಾಣವೇ ನಿಮಿತ್ತವಾಯಿತೆಂಬುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರಬಹುದು. ಬಳ್ಳಿಗಾವೆಯದು ಇನ್ನೂ ಸ್ಪಷ್ಟವಾದ ಚಿತ್ರ. ರೈಸ್ ಮಹಾಶಯರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಅವುಗಳಲ್ಲಿ ಕ್ರಿ. ಶ. ೧೧೬೨ರ ಒಂದು ಶಾಸನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಕುರಿತದ್ದು. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ಬಂದವರಿಗೆ ಅನ್ನ ದೊರೆಯುತ್ತಿತ್ತು. ಯಾರು ಬಂದವರು? ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು; ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು; ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು; ನಾನಾ ದೇಶಗಳ ಭಿಕ್ಷುಕರು. ಹನ್ನೆರಡನೆಯ ಶತಮಾನದ ರಸ್ತೆಯಲ್ಲಿ ಯಾರು ಯಾರು ನಡೆಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ತುಂಬಿದ ಪಟ್ಟಿ ಬೇಕಾಗಿಲ್ಲ.

ಈ ಪಟ್ಟಿಯಲ್ಲಿ ಒಂದು ವರ್ಗದವರು ಇಲ್ಲ: ಸುಮ್ಮನೆ ನೋಡುವುದಕ್ಕಾಗಿ ಬಂದವರು. ದಾನವನ್ನು ದಾಖಲಿಸುವ ಶಾಸನವು ಹಣವಂತನಾದ ಕುತೂಹಲಿಯನ್ನು ಲೆಕ್ಕಿಸಬೇಕಾದ ಕಾರಣವಿಲ್ಲ ಎಂದು ಆಕ್ಷೇಪಿಸಬಹುದು. ಅದು ಸಾಧುವಾದ ಆಕ್ಷೇಪವೇ. ಆದರೂ ನಡೆಯುವುದೇ ಸುಖವೆಂದು ನಡೆದವನ ಸುಳಿವು ಆ ಕಾಲದ ಬರಹಗಳಲ್ಲಿ ಎದ್ದು ಕಾಣುವುದಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಬನವಾಸಿ ದೇಶವನ್ನು ನೆನೆದು ಹಂಬಲಿಸಿದುದು ಪ್ರಸಿದ್ಧವಾಗಿದೆ. ಆದರೆ ಅದು ನಾಡಿನಲ್ಲಿರುವ ಸುಖದ ನೆನಪು, ಅಲ್ಲಿಗೆ ಹೋಗುವ ಹಾದಿಯ ಸುಖವಲ್ಲ. ಜಲಕ್ರೀಡೆ, ವನವಿಹಾರಗಳು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸೇರಿವೆಯಾದರೂ ಅವು ಅರಮನೆಯ ವಿನೋದಗಳು. ಸಾಮಾನ್ಯ ಜನರು ತಮಗಾಗಿ ಮಾಡಿಕೊಳ್ಳದ ನೌಕಾವಿಹಾರವನ್ನು ತಮ್ಮ ದೇವರಿಗೆ ಮಾಡಿಸಿದರು. ತೆಪ್ಪೋತ್ಸವದಲ್ಲಿ ದೇವರು ದೀಪಗಳ ನಡುವೆ ತೆಪ್ಪವನ್ನೇರಿ ನೀರನ್ನು ಸುತ್ತಿ ಹೊರಟ ಮೆಟ್ಟಿಲಿಗೇ ಮರಳುತ್ತಾನೆ. ನೆರೆಯ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆಯ ಸಂದರ್ಭದಲ್ಲಿ ತುಂಗೆಯ ಮೇಲೆ ಇದು ಇಂದಿಗೂ ನಡೆಯುತ್ತದೆ. ನಾವು ಮೊದಲು ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗಲಾರದು. ಮನುಷ್ಯರ ಪಾಲಿಗೆ ದೋಣಿಯೆಂದರೆ ದಾಟುವ ಸಾಧನ. ಕೋಡಿಯ ಮಠದ ಶಾಸನ ಹುಟ್ಟಿದ ಶತಮಾನದಲ್ಲಿಯೇ ತುಂಗಭದ್ರೆಯ ದಡದ ಅಂಬಿಗರ ಚೌಡಯ್ಯನು ದಾಟಿಸುವ ತನ್ನ ಕಾಯಕವನ್ನು ಭವಸಾಗರಕ್ಕೆ ರೂಪಕವಾಗಿ ಬಳಸಿದನು. ಆ ರೂಪಕದಲ್ಲಿಯೂ ಆಚೆಯ ದಡವೇ ಮುಖ್ಯ.

ಶರಾವತಿಯ ಮೇಲೆ ನೋಡುವ ಕಣ್ಣಿನಿಂದ ಸಾಗಿದ ಪಯಣಿಗರಲ್ಲಿ ಬರಹವನ್ನು ಬಿಟ್ಟುಹೋದ ಮುಖ್ಯನೊಬ್ಬನು ಇಟಲಿಯ ಪೀತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಈ ಕುಲೀನನಿಗೆ ವ್ಯಾಪಾರವಿಲ್ಲ, ಧರ್ಮಪ್ರಚಾರದ ಹೊಣೆಯಿಲ್ಲ, ರಾಜಕಾರ್ಯವಿಲ್ಲ. ೧೬೧೪ರಲ್ಲಿ ಸ್ವದೇಶವನ್ನು ಬಿಟ್ಟವನು ತುರ್ಕಿ, ಪಾರಸಿಕ ದೇಶಗಳನ್ನು ಸುತ್ತಿ ೧೬೨೩ರಲ್ಲಿ ಗೋವೆಗೆ ಬಂದನು. ಆಗ ಪೋರ್ತುಗೀಸರು ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸುವುದರಲ್ಲಿದ್ದರು. ದೇಶವನ್ನು ನೋಡಬೇಕೆಂಬ ಒಂದೇ ಆಸೆಯಿಂದ ಇವನೂ ಅವರೊಡನೆ ಸೇರಿಕೊಂಡನು. ಅಕ್ಟೋಬರಿನಲ್ಲಿ ಗೋವೆಯಿಂದ ಕಡಲ ಮೇಲೆ ಹೊನ್ನಾವರಕ್ಕೆ, ಅಲ್ಲಿಂದ ದೋಣಿಯಲ್ಲಿ ಹೊಳೆಯನ್ನೇರಿ ಗೇರುಸೊಪ್ಪೆಗೆ, ಬಳಿಕ ಘಟ್ಟವನ್ನು ಹತ್ತಿ ಇಕ್ಕೇರಿಗೆ: ಇದು ಅವನ ಹಾದಿ. ನದಿಯ ಎರಡು ದಡಗಳ ಚೆಲುವನ್ನು ಅವನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಮೆಣಸಿನ ರಾಣಿಯೆಂದು ಪೋರ್ತುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಆ ವೇಳೆಗೆ ಕೆಳದಿಯವರ ಕೈಸೇರಿ ಹಾಳಾಗಿತ್ತು. ಅರಮನೆಯ ನೆಲದ ಮೇಲೆ ಕಾಡು ಬೆಳೆದುದನ್ನು ಅವನು ಕಂಡನು. ಘಟ್ಟದ ಮೇಲೆ ಒಂದು ಗುಡಿಯ ಮುಂದೆ ಹುಡುಗರು ನೆಲದಲ್ಲಿ ಮರಳನ್ನು ಹರಡಿಕೊಂಡು, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕವನ್ನು ಕಲಿಯುತ್ತಿದ್ದುದನ್ನು ನಿಂತು ನೋಡಿ ಬರೆದಿಟ್ಟಿದ್ದಾನೆ. ನಮ್ಮ ಐಗಳ ಮಠಗಳ ಬೋಧನಕ್ರಮಕ್ಕೆ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಸಾಕ್ಷ್ಯ ದುರ್ಲಭ. ಅದನ್ನು ಒದಗಿಸಿದವನು ಹೊತ್ತು ಕಳೆಯಲು ನಿಂತ ಒಬ್ಬ ಪ್ರವಾಸಿಯೆಂಬುದನ್ನು ಪ್ರವಾಸವನ್ನು ಲಘುವೆನ್ನುವವರು ನೆನೆಯಬೇಕು.

ಆದರೆ ಈ ಕುತೂಹಲಿಯೂ ಜೋಗದ ಜಲಪಾತವನ್ನು ನೋಡಲೆಂದು ಹಾದಿಯನ್ನು ತಿರುಗಿಸಲಿಲ್ಲ. ಅದರಂತೆಯೇ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ ದೇಶವನ್ನು ಸಮೀಕ್ಷಿಸುತ್ತ ೧೮೦೧ರಲ್ಲಿ ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಸಾಹೇಬನು ಅಡಕೆಯ ತೋಟ, ಭತ್ತದ ಗದ್ದೆ, ಕಂದಾಯಗಳನ್ನು ಕುರಿತು ಪುಟಗಟ್ಟಲೆ ಬರೆದಿದ್ದಾನೆ. ಚಂದ್ರಗುತ್ತಿಯು ಸೊರಬ ತಾಲ್ಲೂಕಿನದಾದುದರಿಂದ ಅವನ ಬರಹ ನಮ್ಮ ಸೀಮೆಗೆ ಬೆಲೆಯುಳ್ಳದ್ದು. ವಿಹಾರದ ಚರಿತ್ರೆಗೆ ಮಾತ್ರ ಅದರಲ್ಲಿ ದೊರೆಯುವುದು ಅಲ್ಪ. ನೋಟವೆಂಬುದು ಅಲ್ಲಿದ್ದರೆ ಸಾಲದು, ಅದನ್ನು ನೋಡತಕ್ಕದ್ದೆಂದು ಯಾರಾದರೂ ಗೊತ್ತುಮಾಡಬೇಕು.

ಜೋಗದ ವಿಷಯದಲ್ಲಿ ಆ ಕೆಲಸ ನಡೆದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೫೬ರಲ್ಲಿ ಭಾರತೀಯ ನೌಕಾದಳದ ಅಧಿಕಾರಿಗಳು ಜಲಪಾತವನ್ನು ಅಳೆದರು. ಸುಮಾರು ೮೩೦ ಅಡಿಯೆಂದು ತಿಳಿಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದ ಮೇಲೆ ಜೋಗವು ಮುಂಬಯಿ ಪ್ರಾಂತ–ಮೈಸೂರು ಸಂಸ್ಥಾನಗಳ ಗಡಿಯಾಯಿತು; ನದಿಯ ಎರಡು ಪಕ್ಕದಲ್ಲಿಯೂ ಪ್ರವಾಸಿಗಳ ಬಂಗಲೆಗಳು ಎದ್ದುವು. ಮುಂಬಯಿಯ ಕಡೆಯಿಂದ ಬರುವವರು ಕರಾವಳಿಯ ಹಡಗಿನಲ್ಲಿ ಹೊನ್ನಾವರದ ಕಡೆಗೆ ಬಂದು, ದೆಲ್ಲಾ ವಾಲ್ಲೆ ಹಿಡಿದಿದ್ದ ಹಾದಿಯಲ್ಲಿಯೇ ದೋಣಿಯನ್ನೇರಿ, ಸುಮಾರು ೧೮ ಮೈಲಿ ಮೇಲಕ್ಕೆ ಗೇರುಸೊಪ್ಪೆಗೆ ಸಾಗುತ್ತಿದ್ದರು. ಅಲ್ಲಿಂದ ಮತ್ತೆ ಅಷ್ಟೇ ದೂರ ಮಾಲೆಮನೆ ಘಟ್ಟದ ಮೇಲೆ ಡೋಲಿಯಲ್ಲಿಯೋ ಕುದುರೆಯ ಮೇಲೆಯೋ ಗಾಡಿಯಲ್ಲಿಯೋ ಹೋಗಬೇಕು. ದೋಣಿಯು ಸಮುದ್ರದ ಭರತವನ್ನು ಕಾದು ಹೊರಡುತ್ತಿತ್ತು. ಹಾದಿ ನಿಧಾನವಾದುದರಿಂದಲೇ ಅದು ನೋಟದ ಒಂದು ಭಾಗವಾಯಿತು. ಗ್ಯಾಸೆಟಿಯರುಗಳಲ್ಲಿ ದಾರಿಯ ವರ್ಣನೆ ಜಲಪಾತದ ವರ್ಣನೆಯ ಜೊತೆಗೇ ಸ್ಥಳವನ್ನು ಪಡೆಯಿತು. ಹುಟ್ಟು ಹಾಕಿದವರ ಹೆಸರುಗಳು ಮಾತ್ರ ಅವುಗಳಲ್ಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಇಂದಿನ ಪ್ರವಾಸಿಯು ಜೋಗಕ್ಕೆ ಹೋಗುವುದು ಮಳೆಗಾಲದಲ್ಲಿ. ಆಗಿನವನು ಹೋಗುತ್ತಿದ್ದುದು ಚಳಿಗಾಲದಲ್ಲಿ. ಮುಂಗಾರಿನಲ್ಲಿ ಕರಾವಳಿಯ ಸಣ್ಣ ಬಂದರುಗಳು ಮುಚ್ಚುತ್ತಿದ್ದುವು, ಘಟ್ಟದ ದಾರಿ ಕೆಸರಾಗುತ್ತಿತ್ತು, ಜಲಪಾತವು ಮಂಜಿನಲ್ಲಿ ಅಡಗುತ್ತಿತ್ತು. ಮಳೆ ನಿಂತು ಹಾದಿ ಒಣಗಿದ ಮೇಲೆ, ನದಿಯಲ್ಲಿ ನೀರು ಇನ್ನೂ ಇರುವಾಗ, ಡಿಸೆಂಬರಿನ ಸುಮಾರಿಗೆ ಹೋಗುವುದು ಜಾಣತನವೆನಿಸಿತ್ತು. ಈ ಋತುವಿನ ಪಲ್ಲಟಕ್ಕೆ ಎರಡು ಕಾರಣಗಳು. ಒಂದು, ದಾರಿಗಳು ಸುಧಾರಿಸಿದುದು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲು ೧೯೪೦ರಲ್ಲಿ ಸಾಗರವನ್ನು ದಾಟಿ ತಾಳಗುಪ್ಪದವರೆಗೆ ಸಾಗಿತು. ಹೀಗೆ ಜೋಗದ ಹೆಬ್ಬಾಗಿಲು ಪಶ್ಚಿಮದ ದೋಣಿಯಿಂದ ಪೂರ್ವದ ರೈಲು, ಮೋಟಾರುಗಳಿಗೆ ತಿರುಗಿತು. ಸೊರಬ, ಶಿಕಾರಿಪುರಗಳ ಮೇಲೆ ರೈಲು ಹಾಯಲಿಲ್ಲ. ಆದರೆ ಸಾಗರಕ್ಕೆ ಬಸ್ಸು ಓಡಾಡತೊಡಗಿದ ಮೇಲೆ ಅಲ್ಲಿಯ ರೈತನಿಗೂ ಶಾಲೆಯ ಮಕ್ಕಳಿಗೂ ಜೋಗವು ಒಂದು ದಿನದ ನೋಟವಾಯಿತು. ಎರಡನೆಯ ಕಾರಣ ವಿದ್ಯುತ್ತು. ೧೯೪೮ರಲ್ಲಿ ಹಿರೇಭಾಸ್ಕರದ ಅಣೆಕಟ್ಟಿನ ನೀರಿನಿಂದ ವಿದ್ಯುದುತ್ಪಾದನೆ ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಆ ಬಳಿಕ ಡಿಸೆಂಬರಿನ ನೀರು ಬಂಡೆಯ ಮೇಲೆ ಬೀಳದೆ ಯಂತ್ರಗಳ ಕಡೆಗೆ ಹರಿಯಿತು. ಮಳೆಗಾಲದ ಪ್ರವಾಹವೊಂದೇ ನೋಡುವವರ ಪಾಲಿಗೆ ಉಳಿಯಿತು.

ನೋಡುವುದನ್ನೇ ಎಲ್ಲರೂ ಹಿರಿದೆಂದು ಒಪ್ಪಿರಲಿಲ್ಲವೆಂಬುದಕ್ಕೆ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ೧೯೨೭ರಲ್ಲಿ ಗಾಂಧೀಜಿಯವರು ಈ ಭಾಗದಲ್ಲಿ ಸಂಚರಿಸುತ್ತಿದ್ದಾಗ ಕಾಕಾ ಕಾಲೇಲಕರರು ಅವರನ್ನು ಜೋಗಕ್ಕೆ ಕರೆದರು. ಜಗತ್ತಿನ ಎತ್ತರದ ಜಲಪಾತಗಳಲ್ಲಿ ಅದೊಂದೆಂದು ಬಣ್ಣಿಸಿದರು. ಮಳೆಯ ನೀರು ಅದಕ್ಕಿಂತ ಬಹಳ ಎತ್ತರದಿಂದ ಬೀಳುತ್ತದಲ್ಲ ಎಂಬುದು ಗಾಂಧೀಜಿಯವರ ಉತ್ತರವಾಗಿತ್ತೆಂದು ಕಾಲೇಲಕರರೇ ಬರೆದಿದ್ದಾರೆ. ಸ್ವತಃ ನದಿಗಳ ಪ್ರೇಮಿಯಾಗಿದ್ದ ಕಾಲೇಲಕರರು ಅವರನ್ನು ಬಿಟ್ಟು ಹೋಗಿ ನೋಡಿಬಂದರು.

ಇನ್ನು ನಮ್ಮ ವಿಷಯದ ಮುಖ್ಯಭಾಗಕ್ಕೆ ಬರೋಣ. ಲಿಂಗನಮಕ್ಕಿಯಲ್ಲಿ ಶರಾವತಿಯು ತಡೆದು ನಿಂತಾಗ ಸಮುದ್ರಮಟ್ಟದಿಂದ ೧೮೧೯ ಅಡಿಯವರೆಗೆ ನೀರು ಏರಲು ಅವಕಾಶವಾಯಿತು. ಕಣಿವೆಯ ಊರುಗಳು, ಅಡಕೆಯ ತೋಟಗಳು, ಗದ್ದೆಗಳು, ಗುಡಿಗಳು ಮುಳುಗಿದುವು. ಹದಿನಾರು ವರ್ಷಗಳ ಹಿಂದೆ ಕೆಲಸ ಮಾಡತೊಡಗಿದ್ದ ಹಿರೇಭಾಸ್ಕರದ ಅಣೆಕಟ್ಟೂ ಮುಳುಗಿತು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ಮುಳುಗದೆ ಉಳಿದರೂ ತಾಲ್ಲೂಕಿನ ಕೇಂದ್ರದಿಂದ ಬೇರ್ಪಟ್ಟುವು. ನೆಲೆ ಕಳೆದುಕೊಂಡ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಗೆ ಸಾಗಿಸಿದರು. ಸೊರಬ, ಶಿಕಾರಿಪುರಗಳ ಕಡೆಗೂ ಅವರು ಬಂದರು. ಅಡಕೆಯ ತೋಟದ ತಂಪಿನಲ್ಲಿದ್ದವರು ಅರಣ್ಯವನ್ನು ಕಡಿದ ಹೊಸ ನೆಲದಲ್ಲ್ಲಿ ಬೇಸಾಯವನ್ನು ಮೊದಲಿನಿಂದ ಆರಂಭಿಸಬೇಕಾಯಿತು. ಅವರಿಗೆ ಕೊಟ್ಟ ನೆಲದ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ಬಳಿಕವೂ ಹಲವರ ಪಾಲಿಗೆ ಇತ್ಯರ್ಥವಾಗಿಲ್ಲ. ನಾಡಿಗೆ ಬೆಳಕು ಬಂದುದನ್ನು ವಿವರಿಸುವ ನಮ್ಮ ಪಠ್ಯಪುಸ್ತಕಗಳು ಈ ಸಂಗತಿಗೆ ಒಂದು ವಾಕ್ಯವನ್ನಾದರೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಆ ಕೊರತೆಯನ್ನು ತುಂಬಿದವರು ಸಾಹಿತಿಗಳು. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಎಲ್ಲವನ್ನೂ ಹತ್ತಿರದಿಂದ ಕಂಡ ನಾ. ಡಿಸೋಜರು (೧೯೩೭–೨೦೨೫) ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು. ‘ದ್ವೀಪ’ವು ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಕಾದಂಬರಿಯು ಇತಿಹಾಸಕ್ಕೆ ಆಧಾರವಾಗಲಾರದೆಂಬ ನಿಯಮವನ್ನು ಇಂಥ ಕಡೆ ಸ್ವಲ್ಪ ಸಡಿಲಿಸಬೇಕು.

ಹೀಗೆ ಉಂಟಾದ ಜಲರಾಶಿಯ ಮೇಲೆ ಲಾಂಚುಗಳು ಬಂದುವು. ಸಾಗರದ ಕಡೆಯ ಅಂಬಾರಗೋಡ್ಲಿನ ಹೊಳೆಬಾಗಿಲಿನಿಂದ ಆಚೆಯ ಕಳಸವಳ್ಳಿಗೆ ಅವು ನಡೆಯುತ್ತಿದ್ದುವು. ಆರಂಭದಲ್ಲಿ ಇದು ಶುದ್ಧ ಅಗತ್ಯದ ಯಾನ: ತುಮರಿಯ ಕಡೆಯ ವಿದ್ಯಾರ್ಥಿ, ಸಂತೆಗೆ ಹೋಗುವವನು, ಕಛೇರಿಯ ಕೆಲಸದವನು, ಆಸ್ಪತ್ರೆಗೆ ಹೋಗಬೇಕಾದ ರೋಗಿ, ಎಲ್ಲರೂ ಅದನ್ನೇ ಕಾಯಬೇಕು. ಸಂಜೆ ಲಾಂಚು ನಿಂತಿತೆಂದರೆ ಆಚೆಯ ದಡ ಮರುದಿನದವರೆಗೆ ಬೇರೆ ದೇಶ. ಕಡು ಬೇಸಿಗೆಯಲ್ಲಿ ನೀರು ಇಳಿದು ಕಟ್ಟೆ ದೂರವಾದಾಗ ವಾಹನಗಳನ್ನು ಹೇರುವುದನ್ನೇ ನಿಲ್ಲಿಸಬೇಕಾಗುತ್ತಿತ್ತು.

ಈ ಅಗತ್ಯದ ಯಾನವನ್ನು ವಿಹಾರವಾಗಿ ಮಾರ್ಪಡಿಸಿದುದು ಸಿಗಂದೂರಿನ ಚೌಡೇಶ್ವರಿಯ ಪ್ರಸಿದ್ಧಿ. ಹಿನ್ನೀರಿನ ಆಚೆಗಿರುವ ಆ ಕ್ಷೇತ್ರದ ಹೆಸರು ಹಬ್ಬಿದಂತೆ ತೋಟಗಳ, ಮನೆಗಳ ಬಾಗಿಲಿನಲ್ಲಿ ದೇವಿಯ ಕಾವಲಿದೆಯೆಂಬ ಫಲಕಗಳು ಜಿಲ್ಲೆಯುದ್ದಕ್ಕೂ ಕಾಣಿಸಿಕೊಂಡುವು. ರಜೆಯ ದಿನಗಳಲ್ಲಿ ಹೊಳೆಬಾಗಿಲಿನಲ್ಲಿ ವಾಹನಗಳ ಸಾಲು ಗಂಟೆಗಟ್ಟಲೆ ನಿಲ್ಲುವಂತಾಯಿತು. ಸೊರಬ, ಶಿಕಾರಿಪುರಗಳಂತಹ ಒಳನಾಡಿನಿಂದ ಬಂದ ಯಾತ್ರಿಕನಿಗೆ ಈ ಲಾಂಚು ಅಪೂರ್ವವಾದ ಅನುಭವ. ಬಸ್ಸು, ಕಾರು, ಮೋಟಾರು ಸೈಕಲ್ಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸುತ್ತ ಜನರನ್ನು ನಿಲ್ಲಿಸಿಕೊಂಡು, ಹಸುರಾದ ಗುಡ್ಡಗಳ ನಡುವೆ ಅದು ಸಾಗುವ ಸ್ವಲ್ಪ ಹೊತ್ತಿನಲ್ಲಿ ಮಾಡಬೇಕಾದ ಕೆಲಸವೇನೂ ಇಲ್ಲ, ನೋಡುವುದೊಂದೇ. ಇಲ್ಲಿ ದೇವಿಯ ದರ್ಶನಕ್ಕಾಗಿ ಲಾಂಚೋ, ಲಾಂಚಿಗಾಗಿ ದೇವಿಯ ದರ್ಶನವೋ ಎಂದು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಬೇಕೆಂಬ ಹಟವನ್ನು ನಾವು ಮಾಡುವುದಿಲ್ಲ. ಯಾತ್ರೆಯಲ್ಲಿ ಸಂತೋಷವಿದ್ದರೆ ಭಕ್ತಿಗೆ ಕುಂದೆಂದು ನಮ್ಮ ಜನ ಎಣಿಸಿದವರಲ್ಲ. ಆದರೆ ಒಂದೇ ಲಾಂಚಿನಲ್ಲಿ ಮೂರು ಬಗೆಯ ಪ್ರಯಾಣಿಕರು ಇದ್ದರೆಂಬುದನ್ನು ಮರೆಯಲಾಗದು. ತುಮರಿಯ ನಿವಾಸಿಗೆ ಅದು ದಿನನಿತ್ಯದ ಕಾಯುವಿಕೆ. ಹೊರಗಿನ ಯಾತ್ರಿಕನಿಗೆ ಅದು ವಿಹಾರ. ಸೊರಬದಿಂದಲೋ ಶಿಕಾರಿಪುರದಿಂದಲೋ ಬಂದವನು ಮುಳುಗಡೆಯ ಕುಟುಂಬದವನಾಗಿದ್ದರೆ, ಅವನು ಸಾಗುತ್ತಿದ್ದುದು ಹಿರಿಯರ ಗದ್ದೆ ತೋಟಗಳಿದ್ದ ಕಣಿವೆಯ ನೀರಿನ ಮೇಲೆ. ಹೊರಟ ದಡಕ್ಕೆ ಮರಳುವುದು ವಿಹಾರದ ಲಕ್ಷಣವೆಂದು ನಾವು ಆರಂಭದಲ್ಲಿ ಹೇಳಿದೆವು. ಇವನು ಹೊರಟ ದಡ ಯಾವುದೆಂದು ಕೇಳಿದರೆ ಉತ್ತರ ನೀರಿನ ಅಡಿಯಲ್ಲಿದೆ. ಅಂಥವನ ನೋಟ ಪಕ್ಕದಲ್ಲಿ ನಿಂತವನ ನೋಟಕ್ಕಿಂತ ಬೇರೆಯಾಗಿಯೇ ಇದ್ದಿರಬೇಕು. ದೊಡ್ಡ ಸಮುದ್ರದ ವಿಹಾರನೌಕೆಗಳ ಚರಿತ್ರೆಯಲ್ಲಿ ಮೊದಲನೆಯ ದರ್ಜೆ, ಮೂರನೆಯ ದರ್ಜೆಗಳ ಭೇದವನ್ನು ಟಿಕೆಟ್ಟು ತೋರಿಸುತ್ತದೆ. ಹೊಳೆಬಾಗಿಲಿನ ಲಾಂಚಿನಲ್ಲಿ ಎಲ್ಲರೂ ಒಂದೇ ಹಲಗೆಯ ಮೇಲೆ ನಿಂತಿದ್ದುದರಿಂದ ಈ ಭೇದವನ್ನು ಯಾವ ಕಾಗದವೂ ದಾಖಲಿಸಿಲ್ಲ. ಮುಳುಗಡೆಯನ್ನು ಪ್ರಾಯದಲ್ಲಿ ಕಂಡವರು ಈಗ ಎಂಬತ್ತನ್ನು ದಾಟಿದವರು. ಅವರ ಹೇಳಿಕೆಗಳನ್ನು ಬರೆದಿಟ್ಟುಕೊಳ್ಳುವುದಕ್ಕೆ ಈ ಎರಡು ತಾಲ್ಲೂಕುಗಳ ಕಾಲೇಜುಗಳಿಗಿಂತ ಸಮೀಪದಲ್ಲಿರುವ ಸಂಸ್ಥೆಗಳು ಬೇರೆಯಿಲ್ಲ.

೨೦೨೫ನೆಯ ಇಸವಿ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ ಸುಮಾರು ೨.೪೪ ಕಿಲೋಮೀಟರು ಉದ್ದದ ಸೇತುವೆ ಉದ್ಘಾಟಿತವಾಯಿತು. ತುಮರಿಯ ಕಡೆಯವರ ಹಲವು ವರ್ಷಗಳ ಬೇಡಿಕೆ ಅದು. ರಾತ್ರಿ ರೋಗಿಯನ್ನು ಸಾಗಿಸಬೇಕಾದವನ ಸ್ಥಾನದಲ್ಲಿ ನಿಂತು ನೋಡಿದರೆ ಲಾಂಚು ಹೋಯಿತೆಂದು ಮರುಗುವವರ ಮಾತು ಅಷ್ಟೊಂದು ರುಚಿಸುವುದಿಲ್ಲ. ದಾಟುವ ಅಗತ್ಯ ಹೋದ ಮೇಲೆ ಲಾಂಚಿಗೆ ಉಳಿಯಬಹುದಾದ ಪಾತ್ರ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ೧೯೫೮ರ ಬಳಿಕ ಉಳಿದ ಪಾತ್ರವೇ. ನದಿಯ ಕೆಳತುದಿಯಲ್ಲಿ ಇದು ಈಗಾಗಲೇ ಆಗಿಹೋಗಿದೆ. ಹೊನ್ನಾವರದಲ್ಲಿ ಹೊಳೆಯ ಮೇಲೆ ಹೆದ್ದಾರಿಯ ಸೇತುವೆಯೂ ರೈಲುಸೇತುವೆಯೂ ಇವೆ. ಗೇರುಸೊಪ್ಪೆಗೆ ಬಸ್ಸು ಹೋಗುತ್ತದೆ. ದೆಲ್ಲಾ ವಾಲ್ಲೆ ದೋಣಿಯನ್ನು ಹತ್ತಿದ ಆ ನೀರಿನಲ್ಲಿ ಇಂದು ಕಾಂಡ್ಲಾ ಗಿಡಗಳ ನಡುವೆ, ದ್ವೀಪಗಳ ಸುತ್ತ, ಸೂರ್ಯಾಸ್ತದ ಹೊತ್ತಿಗೆ ಪ್ರವಾಸಿಗಳನ್ನು ಸುತ್ತಿಸಿ ಹತ್ತಿಸಿಕೊಂಡ ಕಟ್ಟೆಗೇ ತಂದಿಳಿಸುವ ದೋಣಿಗಳು ನಡೆಯುತ್ತವೆ. ದಕ್ಷಿಣಕ್ಕೆ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶದ ವಿಹಾರನೌಕೆಗಳು ಬರುವುದುಂಟು. ಅವುಗಳ ಪ್ರಯಾಣಿಕರು ಮೂಡುಬಿದರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಹಗಲಿನಲ್ಲಿ ನೋಡಿ ಸಂಜೆಯೊಳಗೆ ಹಡಗನ್ನು ಸೇರುತ್ತಾರೆ. ಗುಡಿಯ ಮುಂದೆ ನಿಂತು ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕೊನೆಯವರೆಗೆ ನೋಡುವಷ್ಟು ಬಿಡುವು ಈ ಪ್ರವಾಸದ ವೇಳಾಪಟ್ಟಿಯಲ್ಲಿಲ್ಲ.

ಜಲಾಶಯದ ಮಟ್ಟ ತೀರ ಇಳಿದ ವರ್ಷಗಳಲ್ಲಿ, ಬೇಸಿಗೆಯ ಕೊನೆಯಲ್ಲಿ, ಮಡೆನೂರಿನ ಬಳಿ ಹಿರೇಭಾಸ್ಕರದ ಅಣೆಕಟ್ಟು ಸೈಫನ್ನುಗಳ ಸಮೇತ ನೀರಿನಿಂದ ಮೇಲೇಳುತ್ತದೆ. ಅದರ ಸುತ್ತ ಬಿರುಕು ಬಿಟ್ಟ ಕೆಸರು ನೆಲ. ಅಲ್ಲಲ್ಲಿ ಮರದ ಬೊಡ್ಡೆಗಳು. ಆಗ ಅದನ್ನು ನೋಡಲು ಹೋಗುವವರಿಗೆ ಲಾಂಚು ಬೇಕಾಗುವುದಿಲ್ಲ. ಮಳೆ ಬರುವವರೆಗೆ ನಡೆದೇ ಹೋಗುತ್ತಾರೆ.